ಸೊನ್ನೆ ಒಂದು: ಇಲಿ ಕಡಿದದ್ದು

ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಸಿಕ್ಕ ರಶ್ಮಿ, ಐರೋಲಿಯ ಕಂಪನಿಯೊಂದರ ಡೇಟಾ ವಿಭಾಗಕ್ಕೆ ಸೇರಿದ್ದೇನೆ ಎಂದಳು. ಏನು ಕೆಲಸ ಕೊಟ್ಟಿದ್ದಾರೆ ಎಂದು ಕೇಳಿದೆ. "ಕುಛ್ ಖಾಸ್ ನಹೀಂ ಆಂಟಿ, ಡ್ರಾಪ್‌ಡೌನ್ ಬನಾನಾ ಹೈ. ಆಧಾ ಘಂಟಾ" ಎಂದು ಮೂರನೇ ಮಹಡಿಯಲ್ಲಿ ಇಳಿದು ಹೋದಳು. ನಾನು ಏಳನೇ ಮಹಡಿಯವರೆಗೆ ಒಬ್ಬಳೇ ಉರಿದುಕೊಂಡು ಹೋದೆ. ಆ ಅರ್ಧ ಗಂಟೆಯ ಕೆಲಸವನ್ನು ನಾನು ನಿವೃತ್ತಿಯವರೆಗೂ ಮಾಡಿದ್ದೇನೆ, ಮತ್ತು ಅದರಿಂದ ಒಬ್ಬ ಮನುಷ್ಯನನ್ನು ಹೆಚ್ಚುಕಡಿಮೆ ನಾಗಪುರಕ್ಕೆ ಅಟ್ಟಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಆ ಕಥೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಡ್ರಾಪ್‌ಡೌನ್ ಗೊತ್ತಿಲ್ಲದವರಿಗೆ ಎರಡು ಮಾತು. ಕಂಪ್ಯೂಟರಿನ ಪರದೆಯ ಮೇಲೆ ಒಂದು ಚೌಕ ಇರುತ್ತದೆ. ಅದನ್ನು ಒತ್ತಿದರೆ ಒಂದು ಪಟ್ಟಿ ಇಳಿಯುತ್ತದೆ. ಅದರಲ್ಲಿ ಒಂದನ್ನು ಆರಿಸಬೇಕು. ನಿಮಗೆ ಕಾಣುವುದು ಶಬ್ದ, ಯಂತ್ರ ಇಟ್ಟುಕೊಳ್ಳುವುದು ಅದರ ಹಿಂದಿನ ಅಂಕಿ. ಆ ಅಂಕಿಗೆ ಕೋಡ್ ಎನ್ನುತ್ತೇವೆ. ಯಾವ ಶಬ್ದಗಳು ಇರಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂದು ಕೂತು ನಿರ್ಧರಿಸುತ್ತಿದ್ದವಳು ನಾನು. ಧಾರವಾಡದಲ್ಲಿ ಲೈಬ್ರರಿ ಸೈನ್ಸ್ ಓದಿ, ಮದುವೆಯಾಗಿ ಕಲ್ಯಾಣಕ್ಕೆ ಬಂದು, ಲೈಬ್ರರಿಯ ಕೆಲಸ ಸಿಗದೆ ಇದಕ್ಕೆ ಸೇರಿದೆ. ಬಡ್ತಿಗಳ ವಿಷಯ ಬಿಡುತ್ತೇನೆ. ಎರಡು ಸಿಕ್ಕವು, ಎರಡು ಸಲವೂ ಕುರ್ಚಿ ಮಾತ್ರ ಬದಲಾಯಿತು.

ಇನ್ನೊಂದು ಮಾತು. ನಾನು ದಿನಚರಿ ಬರೆಯುವವಳು. ಆದರೂ ನನ್ನ ನೆನಪನ್ನು ಪೂರ್ತಿ ನಂಬಬೇಡಿ. ದಿನಚರಿಯನ್ನೂ ಪೂರ್ತಿ ನಂಬಬೇಡಿ. ಅದರ ಅರ್ಧ ಭಾಗ ಠಾಣೆಯಿಂದ ಘಣಸೋಲಿಗೆ ಹೋಗುವ ರೈಲಿನಲ್ಲಿ ನಿಂತುಕೊಂಡು ಬರೆದದ್ದು, ಅಕ್ಷರ ನನಗೇ ತಿಳಿಯುವುದಿಲ್ಲ. ಎರಡೂ ಬೇರೆ ಬೇರೆ ಹೇಳಿದ ಕಡೆ ಎರಡನ್ನೂ ಬರೆಯುತ್ತೇನೆ.

ನಮ್ಮ ಕಂಪನಿಯ ಕಚೇರಿ ಮಹಾಪೆಯಲ್ಲಿ, ಗೋಡೌನ್ ಭಿವಂಡಿಯಲ್ಲಿ. ಜನ ಆನ್‌ಲೈನಿನಲ್ಲಿ ಕೊಂಡು ಬೇಡವೆಂದು ವಾಪಸು ಕಳಿಸಿದ ಸಾಮಾನೆಲ್ಲ ಆ ಗೋಡೌನಿಗೆ ಬರುತ್ತಿತ್ತು. ಅಲ್ಲಿನ ಸೂಪರ್‌ವೈಸರ್ ವಾಮನ ಶೆಟ್ಟರು. ಕಾರ್ಕಳದ ಕಡೆಯವರು, ಡೊಂಬಿವಲಿಯಲ್ಲಿ ಮನೆ. ಚಿಕ್ಕಂದಿನಲ್ಲಿ ಮಾವನ ಹೋಟೆಲಿನಲ್ಲಿದ್ದವರು. ಯಾವ ಪಾರ್ಸಲ್ ಕಂಡರೂ ಒಮ್ಮೆ ಮೂಸಿ ನೋಡುವುದು ಅಲ್ಲಿಂದ ಬಂದ ಅಭ್ಯಾಸ.

ಮೊದಲು "ವಾಪಸು ಬಂದ ಕಾರಣ" ಎಂಬ ಜಾಗದಲ್ಲಿ ಪಟ್ಟಿ ಇರಲಿಲ್ಲ, ಏನು ಬೇಕಾದರೂ ಬರೆಯಬಹುದಿತ್ತು. ಬರೆದರು. ಟೂಟಾ, ಟೂಟ್ ಗಯಾ, ಪೂರಾ ಟೂಟ್, ತುಟ್ಲಂ, ಒಡೆದಿದೆ, ಒಡೆದು ಹೋಯ್ತು. ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಕಾರಣಗಳು. "ಗಿರಾಕಿಗೆ ತಲೆ ಕೆಟ್ಟಿದೆ" ಎಂದು ಒಂದು. "ಸೀರೆ ಚೆನ್ನಾಗಿದೆ, ಅತ್ತೆಗೆ ಹಿಡಿಸಲಿಲ್ಲ" ಎಂದು ಒಂದು. ಒಂದು ಮಿಕ್ಸರ್‌ನ ಮುಂದೆ "ಊಟಕ್ಕೆ ಹೋಗಿದ್ದೇನೆ" ಎಂದಿತ್ತು. ಅದು ಮಿಕ್ಸರ್ ವಾಪಸು ಬಂದ ಕಾರಣವೆಂದೇ ಆ ತಿಂಗಳ ರಿಪೋರ್ಟಿನಲ್ಲಿ ಛಾಪಾ ಆಯಿತು.

ಅದಕ್ಕಾಗಿ ನಾನು ಪಟ್ಟಿ ಮಾಡಿಕೊಟ್ಟೆ. ಕೊನೆಯಲ್ಲಿ ತೊಂಬತ್ತೊಂಬತ್ತನೇ ಕೋಡ್, "ಇತರೆ". ಎಲ್ಲರೂ ಎಲ್ಲದಕ್ಕೂ ಇತರೆಯನ್ನೇ ಒತ್ತಿದರು. ನಮ್ಮ ಮೇಲಿನವರು ಸಾಠೆ ಸಾಹೇಬರು. ಎರಡು ಪೆನ್ನು, ಒಂದು ಕನ್ನಡಕ ಸದಾ ಜೇಬಿನಲ್ಲಿ, ಮಾತೆಲ್ಲ ಮರಾಠಿ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ, ನನ್ನನ್ನು ಮೇಡಂ ಎನ್ನುವ ಅರ್ಥದಲ್ಲಿ ಕರೆಯುವ 'ಬಾಯಿ'ಯನ್ನು ಹಾಗೇ ಬಿಟ್ಟಿದ್ದೇನೆ. ರಿಪೋರ್ಟ್ ನೋಡಿ ಅವರು ಕೆಂಡವಾದರು.

"ಬಾಯಿ, ಪ್ರಪಂಚದಲ್ಲಿ ಇತರೆ ಅಂತ ಒಂದು ವಸ್ತು ಇಲ್ಲ. ಆಲಸ್ಯ ಇದೆ. ಕಂಪನಿಯ ಎಲ್ಲ ಪಟ್ಟಿಯಿಂದಲೂ ಇತರೆಯನ್ನು ತೆಗೆದುಹಾಕಿ."

ತೆಗೆದೆ. ಗೋಡೌನಿನ ಪಟ್ಟಿ, ಸಾಮಾನಿನ ಪಟ್ಟಿ, ನೌಕರರ ರಜೆಯ ಪಟ್ಟಿ, ವರ್ಗಾವಣೆಯ ಪಟ್ಟಿ, ಎಲ್ಲದರಿಂದ. ಜೊತೆಗೆ ನನ್ನದೂ ಒಂದು ಜಾಣತನ ಸೇರಿಸಿದೆ: ಕಾರಣದ ಚೌಕ ಖಾಲಿ ಬಿಟ್ಟರೆ ಮುಂದೆ ಹೋಗಬಾರದು. ಪ್ರೋಗ್ರಾಮರ್ ಹೇಳಿದ, "ಸುಲಭ ಮ್ಯಾಡಮ್. ಪಟ್ಟಿಯ ಮೊದಲನೆಯದು ತಾನಾಗಿ ಅಲ್ಲಿ ಕೂತಿರುತ್ತದೆ. ಖಾಲಿ ಅನ್ನುವ ಪ್ರಶ್ನೆಯೇ ಇಲ್ಲ." ಭೇಷ್ ಎಂದೆ. ಇದನ್ನು ಬೇರೆಯವರ ಮೇಲೆ ಹಾಕುವ ಹಾಗಿಲ್ಲ, ಆ ಕಾಗದದ ಮೇಲೆ ನನ್ನ ಸಹಿ ಇತ್ತು.

ಹೊಸ ಪರದೆ ಶುರುವಾದದ್ದು ಗಣಪತಿ ಕೂರಿಸುವ ಹಿಂದಿನ ದಿನ. ಸಾಠೆ ಸಾಹೇಬರು ಭಿವಂಡಿಗೆ ಬಂದು ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಮೌಸಿಗೂ ಒಂದು ಚೂರು ಹಚ್ಚಿ, ತೆಂಗಿನಕಾಯಿ ಒಡೆದರು. ನಾನು ಪಟ್ಟಿ ತೆರೆದು ತೋರಿಸಿದೆ. ಸೊನ್ನೆ ಒಂದು, ಒಡೆದದ್ದು. ಸೊನ್ನೆ ಎರಡು, ಹರಿದದ್ದು. ಸಾಹೇಬರ ಮುಖ ಸಪ್ಪಗಾಯಿತು.

"ನಾಳೆ ಬಪ್ಪಾ ಬರುತ್ತಾನೆ. ಇವತ್ತು ಒಡೆದದ್ದು ಅಂತ ಶುರು ಮಾಡುವುದಾ?"

"ನೀವೇ ಈಗ ಕಾಯಿ ಒಡೆದ್ರಲ್ಲ ಸಾಹೇಬರ" ಎಂದೆ.

"ಅದು ಬೇರೆ."

ಒಳ್ಳೆಯ ಶಬ್ದ ಹುಡುಕಿದೆವು. ಸಾಮಾನು ವಾಪಸು ಬರುವ ಕಾರಣಗಳಲ್ಲಿ ಶುಭವಾದದ್ದು ಯಾವುದಿರುತ್ತದೆ? ಕೊಳೆತದ್ದು, ಬಣ್ಣ ಬಿಟ್ಟದ್ದು, ಕದ್ದದ್ದು. ಹನ್ನೊಂದನೆಯದು "ಇಲಿ ಕಡಿದದ್ದು". ಯಾರೋ ಒಬ್ಬರು, ಇಲಿಯನ್ನೇ ಮೇಲೆ ಹಾಕೋಣ, ಅದು ಬಪ್ಪಾನ ವಾಹನ ಅಲ್ಲವೇ ಎಂದರು. ಹಾಗೆ ಹೇಳಿದವರು ಶೆಟ್ಟರು ಎಂದು ನನ್ನ ನೆನಪು. ನಾನು ಎಂದು ಶೆಟ್ಟರ ನೆನಪು. ದಿನಚರಿಯಲ್ಲಿ ಆ ದಿನ "ಮೋದಕ ಚೆನ್ನಾಗಿತ್ತು" ಎಂದು ಮಾತ್ರ ಇದೆ. ಸಾಹೇಬರಿಗೆ ಬಹಳ ಸಂತೋಷವಾಯಿತು. ಅಲ್ಲೇ ನಿಂತು ಇಲಿಗೆ ಸೊನ್ನೆ ಒಂದು ಕೊಡಿಸಿದರು.

ಮುಂದಿನದನ್ನು ನೀವು ಊಹಿಸಿರುತ್ತೀರಿ. ನಾನು ಊಹಿಸಿರಲಿಲ್ಲ. ಗೋಡೌನಿನಲ್ಲಿ ದಿನವಿಡೀ ಲಾರಿ ಬರುತ್ತದೆ. ಎಂಟ್ರಿ ಮಾಡುವವರಿಗೆ ಪಟ್ಟಿ ಇಳಿಸಿ ಓದುತ್ತ ಕೂರಲು ಪುರುಸೊತ್ತಿಲ್ಲ. ಚೌಕದಲ್ಲಿ ಇಲಿ ಆಗಲೇ ಕೂತಿದೆ. ಎಂಟರ್, ಎಂಟರ್, ಎಂಟರ್.

ತಿಂಗಳ ರಿಪೋರ್ಟ್ ಮಹಾಪೆಗೆ ಬಂತು. ಬಣ್ಣದ ಚಕ್ರದಲ್ಲಿ ಒಂದು ತೆಳು ಚೂರು ಬಿಟ್ಟರೆ ಉಳಿದದ್ದೆಲ್ಲ ಬೂದು ಬಣ್ಣ. ಬೂದು ಎಂದರೆ ಇಲಿ. ಸಾಠೆ ಸಾಹೇಬರು ಕನ್ನಡಕ ಒರೆಸಿ ಒರೆಸಿ ನೋಡಿದರು.

ಇಲಿ ಹಿಡಿಯುವ ಕಂಪನಿಯವರನ್ನು ಕಳಿಸಿದರು. ಅವರು ಮೂರು ದಿನ ಗೋಡೌನಿನ ಮೂಲೆ ಮೂಲೆಯಲ್ಲಿ ಅಂಟಿನ ಹಲಗೆ ಇಟ್ಟರು. ಅದಕ್ಕೆ ಸಿಕ್ಕಿದ್ದು ಶೆಟ್ಟರ ಎಡಗಾಲಿನ ಚಪ್ಪಲಿ ಒಂದೇ. ವರದಿಯಲ್ಲಿ ಅವರು ಬರೆದರು: ಇಲ್ಲಿನ ಇಲಿಗಳು ಅಸಾಧಾರಣ ಬುದ್ಧಿವಂತ. ಕಚೇರಿಯಲ್ಲಿ ಇದನ್ನು ಓದಿದವರು ಇನ್ನೊಂದು ಅರ್ಥ ಮಾಡಿದರು: ಸೂಪರ್‌ವೈಸರ್ ಏನೋ ಮುಚ್ಚಿಡುತ್ತಿದ್ದಾನೆ. ಕಲ್ಯಾಣ ಸ್ಟೇಷನ್ನಿನ ಹೊರಗೆ ಭಿವಂಡಿಯ ಬಸ್ಸಿಗೆ ನಿಂತಾಗ ಗೋಡೌನಿನ ಜನ ಶೆಟ್ಟರನ್ನು "ಮೂಷಿಕ್ ಶೇಠ್" ಎನ್ನತೊಡಗಿದರು.

ಆಮೇಲೆ ಬೆಕ್ಕು. ಅದು ಸಾಹೇಬರ ಸ್ವಂತ ಯೋಜನೆ. ಪಕ್ಕದ ಪವರ್‌ಲೂಮ್‌ನವರು ಕಪ್ಪು ಬಿಳುಪಿನ ಒಂದು ಬೆಕ್ಕು ಕೊಟ್ಟರು. ಅದಕ್ಕೆ ದಿನಾ ಹಾಲು ಮಂಜೂರಾಗಬೇಕಾದರೆ ಕಂಪ್ಯೂಟರಿನಲ್ಲಿ ಅದರ ಹೆಸರಿರಬೇಕು. ಸಾಮಾನಿನ ಪಟ್ಟಿ ತೆರೆದೆ. ಪೀಠೋಪಕರಣ, ವಿದ್ಯುತ್ ಉಪಕರಣ, ವಾಹನ, ಭದ್ರತಾ ಉಪಕರಣ. ಇತರೆ ಇಲ್ಲ, ನಾನೇ ತೆಗೆದಿದ್ದೆ. ಬಹಳ ಯೋಚಿಸಿ ಭದ್ರತಾ ಉಪಕರಣ ಎಂದು ಹಾಕಿದೆ. ಕಂಪ್ಯೂಟರ್ ತಕ್ಷಣ ವಾರಂಟಿ ಎಷ್ಟು ವರ್ಷ ಎಂದು ಕೇಳಿತು.

ಒಂದು ಮಧ್ಯಾಹ್ನ ಶೆಟ್ಟರ ಫೋನ್ ಬಂತು.

"ಮೇಡಂ, ಒಂದು ಮಾತು ಕೇಳ್ಲಾ? ಕಬ್ಬಿಣದ ಡಂಬೆಲ್ ತಿನ್ನುವ ಇಲಿ ನೀವು ಎಲ್ಲಿಯಾದರೂ ನೋಡಿದ್ದುಂಟಾ?"

"ಯಾಕ್ರೀ ಶೆಟ್ಟರ?"

"ಇಲ್ಲ, ಇಲ್ಲಿ ತಿಂದಿದೆ ಅಂತ ಬರೆದುಂಟು. ಒಂದಲ್ಲ, ಜೋಡಿ. ಕುಕ್ಕರು ಸಹ ತಿಂದಿದೆ. ವಿಸಲ್ ಬಿಟ್ಟಿದೆ ಅಂತ ಕಾಣ್ತದೆ."

ನಾನು ನಕ್ಕೆ. ಜೋರಾಗಿ ನಕ್ಕೆ. ನಗು ಅರ್ಧಕ್ಕೆ ಬಂದಾಗ ನನ್ನ ಕಣ್ಣ ಮುಂದೆ ಆ ಚೌಕ, ಅದರಲ್ಲಿ ತಾನಾಗಿ ಕೂತ ಮೊದಲನೆಯ ಸಾಲು ಬಂತು. ಆಮೇಲೆ ಕರೆಂಟಿನ ನೆಪ ಹೇಳಿ ಫೋನ್ ಇಟ್ಟೆ. ಎಂಟ್ರಿಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಸ್ಟೀಲ್ ಸೌಟು, ಇಲಿ ಕಡಿದದ್ದು. ಗಾಜಿನ ಅಕ್ವೇರಿಯಂ, ಇಲಿ ಕಡಿದದ್ದು. ಇಲಿ ಹಿಡಿಯುವ ಬೋನು, ಇಲಿ ಕಡಿದದ್ದು. ಇಷ್ಟು ದಿನ ಎಲ್ಲರೂ ಬಣ್ಣದ ಚಕ್ರ ನೋಡಿದ್ದರು. ವಾಪಸು ಬಂದ ಸಾಮಾನು ಯಾವುದು ಎಂದು ನಾನೂ ಸೇರಿ ಯಾರೂ ನೋಡಿರಲಿಲ್ಲ.

ನನ್ನ ನೆನಪಿನಲ್ಲಿ ನಾನು ಆವತ್ತೇ ಎದ್ದು ಹೋಗಿ ಸಾಹೇಬರಿಗೆ ಎಲ್ಲ ಹೇಳಿದೆ. ಎಷ್ಟೋ ಜನರಿಗೆ ಹಾಗೇ ಹೇಳಿದ್ದೇನೆ. ಈ ಬರಹಕ್ಕಾಗಿ ದಿನಚರಿ ತೆಗೆದು ನೋಡಿದರೆ ಅಲ್ಲಿ ಹೀಗಿದೆ: "ಗೊತ್ತಾಯಿತು. ಯಾರಿಗೂ ಹೇಳಿಲ್ಲ." ಮಾರನೆಯ ದಿನ: "ಸುಮ್ಮನೆ ಸರಿಪಡಿಸಿದೆ." ಹೌದು. ಯಾರಿಗೂ ಹೇಳದೆ ಚೌಕವನ್ನು ಖಾಲಿ ಮಾಡಿಸಿದೆ, ಪರದೆಯ ಮೇಲೆ ಇಲಿಯನ್ನು ಕೆಳಗಿಳಿಸಿದೆ. ಒಮ್ಮೆ ಕೊಟ್ಟ ಕೋಡನ್ನು ಮಾತ್ರ ಬದಲಿಸಲಿಲ್ಲ. ಬದಲಿಸಿದರೆ ಹಳೆಯ ದಾಖಲೆಯೆಲ್ಲ ಸುಳ್ಳಾಗುತ್ತದೆ ಎಂಬಷ್ಟು ಧರ್ಮ ನನ್ನಲ್ಲಿ ಉಳಿದಿತ್ತು. ಸಂಜೆ ಠಾಣೆಯಲ್ಲಿ ವಡಾಪಾವ್ ತಿಂದೆ ಎಂದೂ ಬರೆದಿದೆ. ನೆಮ್ಮದಿಯಿಂದ ತಿಂದಿರಬೇಕು.

ಇಲಿಯ ಗಲಾಟೆ ಶುರುವಾದ ಮೇಲೆ ಸಾಹೇಬರು ರಿಪೋರ್ಟನ್ನು ವಾರವಾರ ತರಿಸುತ್ತಿದ್ದರು. ಮುಂದಿನ ವಾರದ್ದರಲ್ಲಿ ಇಲಿ ಇರಲಿಲ್ಲ. ಒಂದೂ ಇರಲಿಲ್ಲ. ಸಾಠೆ ಸಾಹೇಬರು ಕಚೇರಿಗೆಲ್ಲ ಪೇಢೆ ಹಂಚಿದರು. ಬೆಕ್ಕಿನ ಫೋಟೋ ತರಿಸಿ ಮೇಲಿನವರಿಗೆ ಕಳಿಸಿದರು. ಬೆಕ್ಕು ಆ ದಿನಗಳಲ್ಲಿ ಮಾಡಿದ ಕೆಲಸವೆಂದರೆ ಡಂಬೆಲ್ ಪೆಟ್ಟಿಗೆಗಳ ಮೇಲೆ ಮಲಗಿದ್ದು. ಮೇಲಿನವರು ಲೆಕ್ಕ ಹಾಕಿದರು: ಒಂದು ಬೆಕ್ಕು ಮೂರು ವಾರದಲ್ಲಿ ಮಾಡಿದ್ದನ್ನು ಈ ಮನುಷ್ಯ ಇಷ್ಟು ವರ್ಷದಿಂದ ಮಾಡಲಿಲ್ಲ. ಶೆಟ್ಟರಿಗೆ ನಾಗಪುರದ ಗೋಡೌನಿಗೆ ವರ್ಗಾವಣೆ ಎಂದಾಯಿತು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

ಫೋನಿನಲ್ಲಿ ಅವರ ದನಿ ಮೆಲ್ಲಗಿತ್ತು. "ನಾಗಪುರ ಅಂತೆ ಮೇಡಂ. ಶನಿವಾರ ಮಹಾಪೆಗೆ ಬಂದು ಕಾಗದ ತಗೊಂಡು ಹೋಗ್ಬೇಕಂತೆ."

"ಮನಿಯೊಳಗ ಹೇಳೀರೇನ್ರೀ?"

"ಹೇಗೆ ಹೇಳುದು? ಅತ್ತೆ ಹಾಸಿಗೆ ಹಿಡಿದು ವರ್ಷ ಆಯ್ತು. ಬೆಳಿಗ್ಗೆ ಎತ್ತಿ ಕೂರಿಸಿ, ಮುಖ ತೊಳೆಸಿ, ನಾನು ರೈಲಿಗೆ ಓಡುದು. ಹೆಂಡತಿ ಗಿರಿಜೆಗೆ ಸೊಂಟ ನೋವು, ಅವಳಿಂದ ಎತ್ತಲಿಕ್ಕೆ ಆಗುದಿಲ್ಲ. ಅತ್ತೆಯನ್ನು ನಾಗಪುರಕ್ಕೆ ಹೊತ್ತುಕೊಂಡು ಹೋಗ್ಲಾ?" ಆಮೇಲೆ ಹೇಳಿದರು, "ಬೆಕ್ಕಿನ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಅದು ಏನೂ ಮಾಡ್ಲಿಲ್ಲ. ನಿಜವಾಗಿ ಹೇಳ್ತೇನೆ ಮೇಡಂ, ಏನೂ ಅಂದರೆ ಏನೂ ಮಾಡ್ಲಿಲ್ಲ."

ಶನಿವಾರ ಮಧ್ಯಾಹ್ನ ಸಾಹೇಬರ ಕೋಣೆಯಲ್ಲಿ ನಾವು ಮೂವರು. ನಾನು ಧೈರ್ಯವಾಗಿ ಒಳಗೆ ಹೋದೆ ಎಂದು ನೆನಪು. "ಹೋಗುವ ಮೊದಲು ಎರಡು ಸಲ ಬಾತ್‌ರೂಮಿಗೆ ಹೋದೆ" ಎಂದು ದಿನಚರಿ. ಲ್ಯಾಪ್‌ಟಾಪಿನಲ್ಲಿ ಹಳೆಯ ಪರದೆಯ ಒಂದು ನಕಲು ತಯಾರು ಮಾಡಿಕೊಂಡಿದ್ದೆ, ಮೊದಲಿನ ಹಾಗೆ. ಜೊತೆಗೆ ವಾಪಸು ಬಂದ ಸಾಮಾನಿನ ಹತ್ತು ಚೀಟಿ.

"ಸಾಹೇಬರ, ಈ ಹತ್ತು ಎಂಟ್ರಿ ನೀವು ಮಾಡ್ರಿ. ಹೊರಗ ಲಾರಿ ನಿಂತದ, ಡ್ರೈವರ್ ಹಾರ್ನ್ ಹೊಡೀಲಿಕ್ಕತ್ಯಾನ ಅಂತ ತಿಳ್ಕೊಂಡು ಮಾಡ್ರಿ."

"ನನಗೆ ಟೈಪಿಂಗ್ ಪರೀಕ್ಷೆಯಾ?" ಎಂದರು ಸಾಹೇಬರು. ಆದರೆ ಅವರಿಗೆ ತಮ್ಮ ಟೈಪಿಂಗ್ ಬಗ್ಗೆ ಅಭಿಮಾನ. ಅಂಗಿಯ ತೋಳು ಮಡಚಿ ಕೂತರು. ಬೆರಳು ಓಡಿದವು. ಶೆಟ್ಟರು ಬಾಗಿಲ ಹತ್ತಿರ ನಿಂತು, ನಾನು ಕೇಳಿರಲಿಲ್ಲ, "ಪೋಂ... ಪೋಂ..." ಎಂದು ಮೆಲ್ಲಗೆ ಹಾರ್ನ್ ಹೊಡೆದರು. ಸಾಹೇಬರು ಇನ್ನೂ ಜೋರು ಮಾಡಿದರು.

ಮುಗಿದ ಮೇಲೆ ಪರದೆ ಅವರ ಕಡೆಗೆ ತಿರುಗಿಸಿದೆ. ಹತ್ತಕ್ಕೆ ಹತ್ತೂ ಇಲಿ. ಸಾಹೇಬರು ಒಂದೊಂದನ್ನೇ ಬೆರಳಿಟ್ಟು ಓದಿದರು. ಕುಕ್ಕರಿನ ಹತ್ತಿರ ಬೆರಳು ನಿಂತಿತು.

"ಹೇ ಮೀ ಕೇಲಂ?" ಎಂದರು. ಇದು ನಾನು ಮಾಡಿದ್ದಾ ಎಂದು.

"ಹೌದ್ರೀ. ನೀವೇ."

ಎಲ್ಲ ಹೇಳಿದೆ. ಚೌಕ ಖಾಲಿ ಇರಬಾರದು ಎಂದು ನಾನು ಹಟ ಹಿಡಿದದ್ದು, ಗೊತ್ತಾದ ಮೇಲೆ ಕದ್ದು ಸರಿಪಡಿಸಿದ್ದು, ಅದರಿಂದ ಬೆಕ್ಕಿಗೆ ಹೆಸರು ಬಂದದ್ದು. ಸಾಹೇಬರಿಗೆ ಕೊನೆಯದೇ ಹೆಚ್ಚು ನೋವು ಕೊಟ್ಟಿತು. "ಅಂದರೆ ಬೆಕ್ಕು...?" ಎಂದು ಕೇಳಿ ಕಿಟಕಿಯ ಕಡೆ ತಿರುಗಿದರು. ಆಮೇಲೆ, ಇಲಿಯನ್ನು ಮೊದಲು ಹಾಕಿದ್ದು ಯಾರು ಎಂದು ಕೇಳಿದರು. ಮೂವರೂ ಗೋಡೆಯ ಗಣಪತಿ ಕ್ಯಾಲೆಂಡರ್ ನೋಡಿದೆವು.

ಸಾಹೇಬರು ಸಣ್ಣ ಮನುಷ್ಯರಲ್ಲ. ಮೇಲಿನವರಿಗೆ ಅಲ್ಲೇ ಫೋನ್ ಮಾಡಿ, ತಮ್ಮ ಹತ್ತು ಎಂಟ್ರಿಯ ಕಥೆಯನ್ನೂ ಸೇರಿಸಿ ಹೇಳಿ, ವರ್ಗಾವಣೆ ರದ್ದು ಮಾಡಲು ಒಪ್ಪಿಗೆ ಪಡೆದರು. ಆದರೆ ಆದೇಶ ಕಂಪ್ಯೂಟರಿನಲ್ಲಿತ್ತು. ಸಂಜೆ ಆರಕ್ಕೆ ಅದು ತಾನಾಗಿ ನಾಗಪುರಕ್ಕೆ ಹೋಗುತ್ತದೆ. ರದ್ದು ಒತ್ತಿದರೆ ಅದು ಕಾರಣ ಕೇಳಿತು. ಪಟ್ಟಿ ಇಳಿಯಿತು. ನಾನೇ ಮಾಡಿದ ಪಟ್ಟಿ.

ನೌಕರ ಮೃತಪಟ್ಟಿದ್ದಾರೆ. ರಾಜೀನಾಮೆ. ದೀರ್ಘ ಕಾಯಿಲೆ. ಪೊಲೀಸರ ವಶದಲ್ಲಿದ್ದಾರೆ.

ಅಷ್ಟೇ. ಗಂಟೆ ಐದಾಗಿತ್ತು. ಸಾಹೇಬರು ನನ್ನನ್ನು ನೋಡಿದರು. "ಇತರೆ ಎಲ್ಲಿ?"

"ನೀವೇ ತಗಸಿದ್ರಿ."

ಶೆಟ್ಟರು ಬಗ್ಗಿ ಪರದೆ ಓದಿದರು. "ಸತ್ತವ ಅಂತ ಹಾಕಿ ಮಾರಾಯ್ರೇ. ನಾಗಪುರಕ್ಕೆ ಹೋಗುದಕ್ಕಿಂತ ಅದು ವಾಸಿ."

"ಹಂಗಂದ್ರ ಸೋಮವಾರ ನಿಮ್ಮ ಕಾರ್ಡಿಗೆ ಗೇಟ್ ತೆಗಿಯಂಗಿಲ್ಲರಿ."

"ಹಾಗಾದರೆ ಪೊಲೀಸು?"

"ಸುಮ್ನಿರ್ರಿ ಶೆಟ್ಟರ."

ಹೊಸ ಸಾಲು ಸೇರಿಸದೆ ಗತಿಯಿರಲಿಲ್ಲ. ಏನೆಂದು ಸೇರಿಸುವುದು? ಆಡಳಿತದ ಕಾರಣ ಎನ್ನಿ ಎಂದರು ಸಾಹೇಬರು. ನಾನು ಆಗಲೇ ಬೇರೆ ಟೈಪ್ ಮಾಡಿದ್ದೆ: "ಕಚೇರಿಯ ತಪ್ಪು". ಎಷ್ಟು ವರ್ಷದಿಂದ ಎಷ್ಟು ಪಟ್ಟಿ ಮಾಡಿದ್ದೆ. ಗಿರಾಕಿಯ ತಪ್ಪಿಗೆ, ಲಾರಿಯ ತಪ್ಪಿಗೆ, ಇಲಿಯ ತಪ್ಪಿಗೆ ಕೋಡ್ ಇತ್ತು, ಇದೊಂದಕ್ಕೆ ಎಲ್ಲೂ ಇರಲಿಲ್ಲ.

ಸಾಹೇಬರು ಬೆವರಿದರು. "ಬಾಯಿ, ಇದು ಪಟ್ಟಿಯಲ್ಲಿದ್ದರೆ ನಾಳೆಯಿಂದ ಎಲ್ಲರೂ ಇದನ್ನೇ ಒತ್ತುತ್ತಾರೆ."

"ಎಲ್ಲಾದಕ್ಕಿಂತ ಕೆಳಗ ಹಾಕ್ತೀನ್ರಿ. ಅಲ್ಲೀತನಕಾ ಯಾರು ಹೋಗ್ತಾರ?"

ಅವರು ಗಡಿಯಾರ ನೋಡಿದರು, ಶೆಟ್ಟರನ್ನು ನೋಡಿದರು, ಆಮೇಲೆ ನನ್ನ ಕೈಯಿಂದ ಮೌಸ್ ತೆಗೆದುಕೊಂಡು ತಾವೇ ಕೆಳಗಿನ ಸಾಲಿನವರೆಗೆ ಇಳಿದು ಒತ್ತಿದರು. ರದ್ದಾಗಿದೆ ಎಂದು ಬಂತು. ಶೆಟ್ಟರು ಅದನ್ನು ಇನ್ನೊಂದು ಸಲ ಜೋರಾಗಿ ಓದಿ ಎಂದು ಕೇಳಿದರು. ಓದಿದೆ. ಅವರು ಕಣ್ಣು ಒರೆಸಿಕೊಂಡು ಮೇಜಿನ ಮೇಲಿದ್ದ ನಾಗಪುರದ ಕಾಗದವನ್ನು ಅಭ್ಯಾಸಬಲದಿಂದ ಒಮ್ಮೆ ಮೂಸಿ, ಕಸದ ಬುಟ್ಟಿಗೆ ಹಾಕಿದರು.

ಅವತ್ತು ಲೇಡೀಸ್ ಡಬ್ಬ ಬಿಟ್ಟು ಶೆಟ್ಟರ ಜೊತೆ ಜನರಲ್ ಡಬ್ಬದಲ್ಲೇ ಹತ್ತಿದೆ. ಕೋಣೆಯಲ್ಲಿ ಸಾಹೇಬರ ಮುಂದೆ ಹೇಳದೆ ಉಳಿದದ್ದು ಒಂದಿತ್ತು.

"ಶೆಟ್ಟರ, ನನಗ ಗೊತ್ತಾಗಿ ಹದಿನೇಳು ದಿನ ಆಗಿತ್ತು."

"ಹದಿನೇಳು?"

"ಹ್ಞೂಂ."

ರಬಾಳೆ ಸ್ಟೇಷನ್ ಬಂದು ಹೋಯಿತು. ಬೈದರೆ ಬೈಸಿಕೊಳ್ಳುವುದು ಎಂದು ಹಿಡಿಕೆ ಬಿಗಿಯಾಗಿ ಹಿಡಿದು ನಿಂತಿದ್ದೆ.

"ಆ ಹದಿನೇಳು ದಿನವೂ ಗಿರಿಜೆ ಬೆಕ್ಕಿಗೆ ಬಂಗುಡೆ ಹುರಿದು ಡಬ್ಬಿಯಲ್ಲಿ ಕಳಿಸಿದ್ದಾಳೆ" ಎಂದರು ಶೆಟ್ಟರು. "ಅದರಿಂದಲೇ ಇಲಿ ಹೋದದ್ದು ಅಂತ. ನನಗೆ ಬರೀ ತೊಂಡೆಕಾಯಿ ಪಲ್ಯ. ಅದನ್ನು ಯಾವ ಕೋಡಿನಲ್ಲಿ ಹಾಕುದು, ಹೇಳಿ."

ಠಾಣೆಯಲ್ಲಿ ಇಳಿದು ಕಲ್ಯಾಣದ ಲೋಕಲ್ ಹಿಡಿದೆವು. ಡೊಂಬಿವಲಿಯಲ್ಲಿ ಅವರು ಇಳಿಯುವಾಗ, ಅತ್ತೆಯ ಊಟದ ಹೊತ್ತಾಯಿತು ಎಂದು ಜನರನ್ನು ನೂಕಿಕೊಂಡೇ ಓಡಿದರು. ಎರಡು ವರ್ಷ ಭಿವಂಡಿಯಲ್ಲೇ ಇದ್ದು ಅಲ್ಲಿಂದಲೇ ನಿವೃತ್ತರಾದರು. ನಾನು ಅದಾದ ಮೇಲೂ ಕೆಲವು ವರ್ಷ ಇದ್ದೆ. ಆ ಪಟ್ಟಿಯ ಕೊನೆಯ ಸಾಲನ್ನು ಯಾರೂ ತೆಗೆಯಲಿಲ್ಲ, ಸಾಹೇಬರೂ ಮರೆತರು ಎಂದು ಕಾಣುತ್ತದೆ. ಕೆಲಸದ ಕೊನೆಯ ದಿನ ಕುತೂಹಲಕ್ಕೆ ತೆರೆದು ನೋಡಿದೆ. "ಕಚೇರಿಯ ತಪ್ಪು" ಎಂಬ ಕೋಡಿನಲ್ಲಿ ಆವತ್ತಿನವರೆಗೆ ಇದ್ದದ್ದು ಒಂದೇ ಎಂಟ್ರಿ, ವಾಮನ ಶೆಟ್ಟರದು. ಆಮೇಲೆ ನಮ್ಮ ಕಚೇರಿ ಒಂದು ತಪ್ಪನ್ನೂ ಮಾಡಿಲ್ಲ. ದಾಖಲೆ ಇದೆ.